ಮಾರಿಯೋಗೆ ಮೀಸೆ ಯಾಕೆ ಬಂತು?

1981ರಲ್ಲಿ ಬಂದ 'ಡಾಂಕಿ ಕಾಂಗ್' ಎಂಬ ವಿಡಿಯೋ ಗೇಮ್‌ನಲ್ಲಿ ಮಾರಿಯೋ ಮೊದಲ ಸಲ ಕಾಣಿಸಿಕೊಂಡ. ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಪರದೆಯ ಮೇಲೆ ಒಂದು ಪುಟ್ಟ ಚೌಕದಲ್ಲಿ ಹಿಡಿಸುವಷ್ಟು ಚುಕ್ಕಿಗಳು ಮಾತ್ರ. ಅಷ್ಟರಲ್ಲಿ ಬಾಯಿ ಬಿಡಿಸಲು ಜಾಗವೆಲ್ಲಿ? ದೊಡ್ಡ ಮೂಗು ಇಟ್ಟು, ಅದರ ಕೆಳಗೆ ಮೀಸೆ ಇಟ್ಟರು. ಜಿಗಿಯುವಾಗ ಹಾರುವ ಕೂದಲು ತೋರಿಸುವುದು ಕಷ್ಟ, ಹಾಗಾಗಿ ತಲೆಗೆ ಟೋಪಿ ಬಂತು. ಹತ್ತಿರದಿಂದ ನೋಡಿದರೆ ಅವನು ಬರೀ ಬಣ್ಣದ ಚೌಕಗಳ ಗುಂಪು. ಆದರೂ ಆಡಿದವರಿಗೆ ಕಂಡದ್ದು ಒಬ್ಬ ಮನುಷ್ಯ. ಉಳಿದದ್ದನ್ನೆಲ್ಲ ತುಂಬಿಕೊಂಡದ್ದು ಅವರ ಮನಸ್ಸು.

ಹೀಗೆ ತುಂಬಿಕೊಳ್ಳುವುದು ಮನಸ್ಸಿನ ಹಳೆಯ ಅಭ್ಯಾಸ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಲನಚಿತ್ರ ತಯಾರಿಸಿದರು. ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು. ಅವು ಸುಮ್ನೆ ಅತ್ತಿತ್ತ ಸರಿದಾಡುತ್ತವೆ, ಅಷ್ಟೇ. ಏನು ನೋಡಿದಿರಿ ಅಂತ 34 ಜನರನ್ನು ಕೇಳಿದಾಗ, ಬರೀ ಆಕಾರಗಳ ಮಾತಾಡಿದ್ದು ಒಬ್ಬರೇ! ಉಳಿದವರಿಗೆ ಅವು ಜೀವ ಇರುವಂತೆ ಕಂಡವು. ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿ ಓಡುತ್ತಿದೆ ಅಂತೆಲ್ಲ ಕಥೆ ಹುಟ್ಟಿತು.

ಹಾಗಾದರೆ ಆಟದ ಚಿತ್ರ ಚೆನ್ನಾದಷ್ಟೂ ಕಲ್ಪನೆಗೆ ಕೆಲಸ ಕಡಿಮೆ ಆಗಬೇಕು, ಅಲ್ವಾ? ಒಂದು ಮಟ್ಟಿಗೆ ಹೌದು. 1980ರ 'ಅಡ್ವೆಂಚರ್' ಆಟದ ನಾಯಕ ಬರೀ ಒಂದು ಚೌಕ. ಕಣ್ಣಿಲ್ಲ, ಕೈಕಾಲಿಲ್ಲ. ಅವನ ಮುಖ ಹೇಗಿತ್ತು ಅನ್ನುವುದು ಆಡುವವರಿಗೇ ಬಿಟ್ಟದ್ದು. ಈಗಿನ ಆಟಗಳಲ್ಲಿ ನಾಯಕನ ಗಡ್ಡದ ಕೂದಲು, ಹಣೆಯ ಬೆವರು ಕೂಡ ಸಿದ್ಧವಾಗಿಯೇ ಬರುತ್ತವೆ. ಎಲ್ಲರಿಗೂ ಅದೇ ಮುಖ. ನಮ್ಮದೇ ಆಗಿದ್ದ ಆ ಮುಖ ಕಳೆದುಹೋದದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟವೇ.

ಚಿತ್ರ ನಿಜರೂಪಕ್ಕೆ ತೀರಾ ಹತ್ತಿರ ಬಂದರೆ ಇನ್ನೊಂದು ತೊಂದರೆ. ಮನುಷ್ಯನನ್ನು ಬಹುಪಾಲು ಹೋಲುವ, ಆದರೆ ಪೂರ್ತಿ ಹೋಲದ ರೋಬೋಟ್ ಕಂಡರೆ ನಮಗೆ ಕಸಿವಿಸಿ ಆಗುತ್ತದೆ ಎಂದು ಜಪಾನಿನ ರೋಬೋಟ್ ತಜ್ಞ ಮಸಾಹಿರೋ ಮೋರಿ 1970ರಲ್ಲೇ ಬರೆದಿದ್ದರು. ಆಟದ ಮುಖಗಳಲ್ಲೂ ಹಾಗೇ. ಚೌಕದ ನಾಯಕನಲ್ಲಿ ಯಾರೂ ಕುಂದು ಹುಡುಕುವುದಿಲ್ಲ. ಅಸಲಿಯಂತಿರುವ ಮುಖದಲ್ಲಿ ಕಣ್ಣು ಮಿಟುಕಿಸುವುದು ಚೂರು ತಡವಾದರೂ ಮನಸ್ಸು ಕಥೆ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ.

ಆದರೆ ಚುಕ್ಕಿಗಳ ಲೆಕ್ಕಕ್ಕಿಂತ ಜಾಸ್ತಿ ಮುಖ್ಯವಾದದ್ದು, ಏನನ್ನು ತೋರಿಸದೆ ಬಿಟ್ಟಿದ್ದಾರೆ ಅನ್ನುವುದು. 1999ರ 'ಸೈಲೆಂಟ್ ಹಿಲ್' ಎಂಬ ಭಯ ಹುಟ್ಟಿಸುವ ಆಟ ನೋಡಿ. ದೂರದ ಬೀದಿಗಳನ್ನೆಲ್ಲ ಒಟ್ಟಿಗೆ ಬಿಡಿಸುವ ತಾಕತ್ತು ಅದನ್ನು ಆಡಿಸುತ್ತಿದ್ದ ಯಂತ್ರ, ಮೊದಲ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಅದನ್ನು ಮರೆಮಾಚಲು ಊರಿಗೇ ಮಂಜು ಕವಿಸಿದರು. ನಾಲ್ಕು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ನಾಯಕನ ಹತ್ತಿರ ಇರುವ ಪುಟ್ಟ ರೇಡಿಯೋ ಗೊರಗೊರ ಅನ್ನುತ್ತದೆ. ಏನೋ ಹತ್ತಿರ ಬಂದಿದೆ ಅಂತ ಅರ್ಥ. ಯಾವ ಕಡೆಯಿಂದ, ಎಂಥದ್ದು, ಗೊತ್ತಿಲ್ಲ. ಆ ಎರಡು ಕ್ಷಣದಲ್ಲಿ ತಲೆಯೊಳಗೆ ಹುಟ್ಟುವ ಪ್ರಾಣಿ ಇದೆಯಲ್ಲ, ಅಂಥದ್ದನ್ನು ಯಾವ ಕಲಾವಿದರೂ ಬಿಡಿಸಲಾರರು. ಈ ಸರಣಿಯ ಎರಡನೇ ಆಟವನ್ನು 2012ರಲ್ಲಿ ಹೆಚ್ಚು ಸ್ಪಷ್ಟ ಚಿತ್ರದೊಂದಿಗೆ ಮತ್ತೆ ತಂದಾಗ ಮಂಜು ತೆಳುವಾಯಿತು. ಅಭಿಮಾನಿಗಳು ಬೇಸರಪಟ್ಟರು.

ಹೀಗೆ ತೋರಿಸದೆ ಬಿಡುವುದು ಹೊಸ ಯಂತ್ರಗಳಿಗೂ ಸಾಧ್ಯ. ಬೆಳಕಿನ ಒಂದೊಂದು ಕಿರಣವೂ ಎಲ್ಲಿ ತಾಕಿ ಎಲ್ಲಿಗೆ ತಿರುಗುತ್ತದೆ ಅಂತ ಆಟ ನಡೆಯುತ್ತಿರುವಾಗಲೇ ಲೆಕ್ಕ ಹಾಕುವ ಗ್ರಾಫಿಕ್ಸ್ ಕಾರ್ಡುಗಳು 2018ರಿಂದ ಮನೆಯ ಕಂಪ್ಯೂಟರಿಗೂ ಬಂದಿವೆ. ಇದರಿಂದ ನೆರಳುಗಳು ನಿಜದಂತೆ ಬೀಳುತ್ತವೆ. ಕತ್ತಲ ಓಣಿಯಲ್ಲಿ ಆಡುವವರು ಮುಂದೆ ಹೋಗುತ್ತಿದ್ದಾರೆ ಅನ್ನಿ. ತಿರುವಿನ ಆಚೆ ದೀಪ ಉರಿಯುತ್ತಿದೆ. ಎದುರು ಗೋಡೆಯ ಮೇಲೆ ಉದ್ದನೆಯ ನೆರಳೊಂದು ಅಲ್ಲಾಡುತ್ತದೆ. ಯಾರದ್ದು ಅಂತ ಕಾಣುವುದಿಲ್ಲ. ಬಟನ್ ಮೇಲಿನ ಬೆರಳು ಹಾಗೇ ನಿಲ್ಲುತ್ತದೆ.