ದರ್ಜಿಯ ಟೇಪು, ಕಿಡ್ನಿಯ ಲೆಕ್ಕ

ಬಾಗಲಕೋಟೆಯ ನನ್ನ ದವಾಖಾನೆಯಲ್ಲಿ ಸ್ಟೆತಾಸ್ಕೋಪಿನ ಪಕ್ಕ ದರ್ಜಿಯ ಟೇಪೂ ಇರುತ್ತದೆ. ಕಿಡ್ನಿ ತೋರಿಸಲು ಬಂದವರ ಹೊಟ್ಟೆಗೆ ಅದನ್ನು ಸುತ್ತಿದರೆ ಹಲವರಿಗೆ ನಗು. ಮುಧೋಳ ಕಡೆಯ ಕಬ್ಬು ಬೆಳೆಗಾರರೊಬ್ಬರೂ ನಕ್ಕು, ‘ನನ್ನ ಪ್ಯಾಂಟು 34, ಬರೆದುಕೊಳ್ಳಿ’ ಎಂದರು. ಎತ್ತರ 165 ಸೆಂ.ಮೀ., ತೂಕ 62 ಕಿಲೊ. ತಕ್ಕಡಿ ಅವರ ಪರವಾಗಿಯೇ ಇತ್ತು. ಆದರೆ ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ! ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆದರೆ 94 ಸೆಂ.ಮೀ. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆಯಿರಲಿ ಎಂಬ ಲೆಕ್ಕ ನೆನಪಿಡಲು ಇನ್ನೂ ಸುಲಭ.

ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ತುಂಬಿದಾಗ ರಕ್ತದೊತ್ತಡ ಏರುತ್ತದೆ, ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಕಿಡ್ನಿಯ ಜರಡಿಗಳು ಮಿತಿಮೀರಿ ಸೋಸುತ್ತಾ ಉಬ್ಬಿ, ಕೊನೆಗೆ ಆಲ್ಬುಮಿನ್ ಎಂಬ ಪ್ರೋಟೀನನ್ನು ಸೋರಿಸತೊಡಗುತ್ತವೆ. ಆ ಬೆಳೆಗಾರರ ಮೂತ್ರದಲ್ಲಿ, ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಶ್ಮಲದ ಪ್ರತಿ ಗ್ರಾಂಗೆ 80 ಮಿ.ಗ್ರಾಂ ಆಲ್ಬುಮಿನ್ ಇತ್ತು, 30ರೊಳಗೆ ಇರಬೇಕಿತ್ತು. ರಕ್ತದ ಕ್ರಿಯಾಟಿನಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಇತ್ತು. ಈ ಹಂತದಲ್ಲಿ ಅದು ಹಾಗೆಯೇ ಇರುತ್ತದೆ.

ಅದೇ ಕ್ರಿಯಾಟಿನಿನ್ ಗುಳೇದಗುಡ್ಡದ ಅಜ್ಜಿಯೊಬ್ಬರಿಗೆ ಬೇರೆ ಬಗೆಯಲ್ಲಿ ಮೋಸ ಮಾಡಿತ್ತು. ವಯಸ್ಸು 70, ಆಯುಷ್ಯವೆಲ್ಲ ಖಣ ನೇಯ್ದವರು, ಈಗ ಬಳೆ ಮೊಣಕೈವರೆಗೆ ಜಾರುವಷ್ಟು ಸಣಕಲು. ವರದಿಯಲ್ಲಿ 1.1, ಕೆಂಪು ಗುರುತಿಲ್ಲ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಗರಡಿಯ ಪೈಲ್ವಾನನಿಗೆ ಸಹಜವಾದ 1.1 ಈ ಅಜ್ಜಿಗೆ ಸಹಜವಲ್ಲ. ವಯಸ್ಸು, ಲಿಂಗ ಸೇರಿಸಿ ಸೂತ್ರಕ್ಕೆ ಹಾಕಿದರೆ ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 54 ಮಿ.ಲೀ. ಬರುತ್ತದೆ. 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಸ್ನಾಯು ಇಷ್ಟು ಕರಗಿದವರಲ್ಲಿ ನಿಜವಾದ ಅಂಕಿ ಇನ್ನೂ ಕೆಳಗಿರಬಹುದು. ಅದಕ್ಕೇ ಸ್ನಾಯುವಿನ ಹಂಗು ಅಷ್ಟಾಗಿಲ್ಲದ ಸಿಸ್ಟಾಟಿನ್ ಸಿ ಎಂಬ ರಕ್ತದ ಪ್ರೋಟೀನಿನ ಪರೀಕ್ಷೆ ಮಾಡಿಸಿದೆ. ದುಬಾರಿ, ಎಲ್ಲರಿಗೂ ಬರೆಯುವುದಿಲ್ಲ. ಅದರ ಲೆಕ್ಕದಲ್ಲಿ 43 ಬಂತು.

ಮಂಡಿನೋವಿಗೆಂದು ಅಜ್ಜಿ ದಿನವೂ ನುಂಗುತ್ತಿದ್ದ ಗುಳಿಗೆ ಕಿಡ್ನಿಗೆ ಹಾನಿ ಮಾಡುವಂಥದ್ದು, ಅದನ್ನು ಅಂದೇ ನಿಲ್ಲಿಸಿದೆ. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದೇನೆ. ವರದಿಯಲ್ಲಿ ಕೆಂಪು ಗುರುತೇ ಇಲ್ಲವಲ್ಲ ಎಂದು ಅವರ ಮಗ ಬಾಗಿಲ ಬಳಿ ನಿಂತು ಮತ್ತೊಮ್ಮೆ ಕೇಳಿದ.