ಎರಡು ನಿಮಿಷದ ಸುತ್ತು, ಇಡೀ ವೃತ್ತಿಯ ಲೆಕ್ಕ

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಗಂಡಸರ ವಿಶ್ವ ಪ್ರಶಸ್ತಿ ಪಂದ್ಯ ಎಂದರೆ ಮೂರು ನಿಮಿಷದ 12 ಸುತ್ತು. ಹೆಂಗಸರಿಗೆ ಸಾಮಾನ್ಯವಾಗಿ ಎರಡು ನಿಮಿಷದ 10 ಸುತ್ತು. ಅಲ್ಲಿ 36 ನಿಮಿಷ, ಇಲ್ಲಿ 20. ನೋಡುವವರಿಗೆ ಇದು ನಿಯಮಪುಸ್ತಕದ ಒಂದು ಸಾಲು. ಮಹಿಳಾ ಬಾಕ್ಸರ್ ಹೇಗೆ ಹೊಡೆಯುತ್ತಾಳೆ, ಹೇಗೆ ತಯಾರಾಗುತ್ತಾಳೆ, ಎಷ್ಟು ದುಡಿಯುತ್ತಾಳೆ ಎಂಬುದೆಲ್ಲ ನಿಂತಿರುವುದು ಈ ಸಾಲಿನ ಮೇಲೆ.

ಮೊದಲು ರಿಂಗ್‌ನ ಒಳಗಿನ ಲೆಕ್ಕ ನೋಡೋಣ. ಸುತ್ತಿನ 80ನೇ ಸೆಕೆಂಡಿನಲ್ಲಿ ಒಬ್ಬಳು ಎದುರಾಳಿಯನ್ನು ಕೆಡವಿದಳು ಎಂದುಕೊಳ್ಳಿ. ಬಿದ್ದವಳು ತಕ್ಷಣ ಎದ್ದರೂ ರೆಫರಿ ಎಂಟರವರೆಗೆ ಎಣಿಸಲೇಬೇಕು. ಆಕೆಯ ಕಣ್ಣು ನೋಡಿ, ಗ್ಲೌಸ್ ಒರೆಸಿ, ಮತ್ತೆ ಆಡಲು ಬಿಡುವಷ್ಟರಲ್ಲಿ ಸುಮಾರು 15 ಸೆಕೆಂಡ್ ಹೋಗಿರುತ್ತದೆ. ಉಳಿದದ್ದು 25 ಸೆಕೆಂಡ್. ಅನುಭವ ಇರುವ ಬಾಕ್ಸರ್ ಅಷ್ಟು ಹೊತ್ತನ್ನು ಎದುರಾಳಿಯ ತೋಳು ಹಿಡಿದು, ಹಗ್ಗಕ್ಕೆ ಒರಗಿ ಕಳೆದುಬಿಡುತ್ತಾಳೆ. ಗಂಟೆ ಬಾರಿಸಿದರೆ ಪೂರ್ತಿ ಒಂದು ನಿಮಿಷ ಸ್ಟೂಲ್ ಮೇಲೆ ವಿಶ್ರಾಂತಿ, ತಲೆಗೆ ತಣ್ಣೀರು. ಇದೇ ಮೂರು ನಿಮಿಷದ ಸುತ್ತಾಗಿದ್ದರೆ ಕೆಡವಿದವಳಿಗೆ 85 ಸೆಕೆಂಡ್ ಸಿಗುತ್ತಿತ್ತು. ಹೆಂಗಸರ ಪಂದ್ಯಗಳಲ್ಲಿ ನಾಕೌಟ್ ಕಡಿಮೆ, ಅವರ ಹೊಡೆತದಲ್ಲಿ ತೂಕವಿಲ್ಲ ಎನ್ನುವವರು ಈ 60 ಸೆಕೆಂಡುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

2022ರ ಏಪ್ರಿಲ್ 30ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐರ್ಲೆಂಡ್‌ನ ಕೇಟಿ ಟೇಲರ್ ಮತ್ತು ಪೋರ್ಟೊರಿಕೊದ ಅಮಾಂಡಾ ಸೆರಾನೊ ನಡುವೆ ನಡೆದ ವಿಶ್ವ ಪ್ರಶಸ್ತಿ ಪಂದ್ಯದ ಐದನೇ ಸುತ್ತನ್ನು ಮತ್ತೊಮ್ಮೆ ನೋಡಿ. ಸೆರಾನೊ ಹೊಡೆತಗಳಿಗೆ ಟೇಲರ್ ತತ್ತರಿಸಿದ್ದರು. ಸುತ್ತು ಮುಗಿಯಿತು, ಟೇಲರ್ ಸುಧಾರಿಸಿಕೊಂಡರು, ಕೊನೆಗೆ ಭಿನ್ನ ತೀರ್ಪಿನಲ್ಲಿ, ಅಂದರೆ ಮೂವರು ತೀರ್ಪುಗಾರರಲ್ಲಿ ಇಬ್ಬರ ಮತದಿಂದ, ಅವರೇ ಗೆದ್ದರು. ಇನ್ನೊಂದು ನಿಮಿಷ ಇದ್ದಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಟೇಲರ್ ಎದ್ದು ನಿಂತದ್ದು ಅವರ ಗಟ್ಟಿತನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುತ್ತು ಎಲ್ಲಿ ಮುಗಿಯಬೇಕು ಎಂದು ನಿರ್ಧರಿಸಿದ್ದು ಗಡಿಯಾರ.

ಸುತ್ತು ಚಿಕ್ಕದಾದಾಗ ಹೊಡೆತದ ಆಯ್ಕೆಯೂ ಬದಲಾಗುತ್ತದೆ. ಪಕ್ಕೆಲುಬಿಗೆ, ಹೊಟ್ಟೆಗೆ ಹೊಡೆದು ಎದುರಾಳಿಯನ್ನು ನಿಧಾನವಾಗಿ ದಣಿಸುವ ಆಟ ತಡವಾಗಿ ಫಲ ಕೊಡುವಂಥದ್ದು. ಎರಡು ನಿಮಿಷದಲ್ಲಿ ತೀರ್ಪುಗಾರರ ಕಣ್ಣಿಗೆ ಬೀಳುವುದು ಮುಖಕ್ಕೆ ಬಿದ್ದ ಸರಣಿ ಹೊಡೆತಗಳೇ. ಸುತ್ತು ಗೆದ್ದವರಿಗೆ 10, ಸೋತವರಿಗೆ 9 ಎಂಬ ಪದ್ಧತಿಯಲ್ಲಿ, ಸ್ವಲ್ಪವೇ ಮುಂದಿದ್ದವಳಿಗೂ ಪೂರ್ತಿ ಮುಂದಿದ್ದವಳಿಗೂ ಸಾಮಾನ್ಯವಾಗಿ ಅಂಕ ಒಂದೇ. ಹಾಗಾಗಿ ಮೊದಲ 30 ಸೆಕೆಂಡ್ ಸುಮ್ಮನೆ ಅಳೆಯುತ್ತಾ ಸುತ್ತಾಡಿದರೆ ಸುತ್ತಿನ ಕಾಲು ಭಾಗ ಕೈಬಿಟ್ಟಂತೆ. ಗಂಟೆಯ ಸದ್ದಿನೊಂದಿಗೇ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ಹೊರಡಬೇಕು. ಕೊನೆಯ 10 ಸೆಕೆಂಡಿನ ಎಚ್ಚರಿಕೆಗೆ ಮರದ ತುಂಡು ತಟ್ಟಿದ ಕೂಡಲೇ ಮೂರು–ನಾಲ್ಕು ಹೊಡೆತಗಳ ಸರಣಿಯೊಂದಿಗೆ ಸುತ್ತು ಮುಗಿಸಬೇಕು. ಇದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕಾಗುತ್ತದೆ. ಜಿಮ್‌ನ ಗಡಿಯಾರ ಮೂರು ನಿಮಿಷಕ್ಕೇ ಇದ್ದರೆ ಅಲ್ಲಿ ತಯಾರಾದವಳ ಮೈ ಮೂರು ನಿಮಿಷದ ಗತಿಗೆ ಒಗ್ಗಿರುತ್ತದೆ. ಪಂದ್ಯದ ದಿನ ಮೈ ಕಾವೇರುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತದೆ. ಪಂದ್ಯಕ್ಕೆ ಮುಂಚಿನ 8ರಿಂದ 10 ವಾರದ ತರಬೇತಿ ಶಿಬಿರದಲ್ಲಿ ಮೊದಲ ಅರ್ಧ ದಮ್ಮು ಕಟ್ಟಲು ಮೂರು ನಿಮಿಷದ ಸುತ್ತುಗಳು ಇರಲಿ. ಕೊನೆಯ ನಾಲ್ಕು ವಾರ ಪಂದ್ಯದ ಅವಧಿಗೇ, ಪಂದ್ಯದ ವೇಗದಲ್ಲೇ ನಡೆಯಬೇಕು.

ಹೆಂಗಸರಿಗೆ ಮೂರು ನಿಮಿಷ ತಾಳುವ ಶಕ್ತಿ ಇಲ್ಲ ಎಂಬ ವಾದದಲ್ಲಿ ಹುರುಳೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಇಂದು ಗಂಡಸರೂ ಹೆಂಗಸರೂ ಆಡುವುದು ಮೂರು ನಿಮಿಷದ ಮೂರು ಸುತ್ತು. ಅಲ್ಲಿ ಪದಕ ಗೆದ್ದು ವೃತ್ತಿಪರಳಾದವಳಿಗೆ ಸುತ್ತು ಒಂದು ನಿಮಿಷ ಚಿಕ್ಕದಾಗುತ್ತದೆ!

ಇನ್ನೊಂದು ವಾದಕ್ಕೆ ತೂಕವಿದೆ, ಅದನ್ನು ತಳ್ಳಿಹಾಕಬಾರದು. ಸರಾಸರಿಯಲ್ಲಿ ಹೆಂಗಸರ ಕತ್ತಿನ ಸುತ್ತಳತೆ, ಕತ್ತಿನ ಸ್ನಾಯುಬಲ ಎರಡೂ ಕಡಿಮೆ. ಅಷ್ಟೇ ಬಲದ ಹೊಡೆತಕ್ಕೆ ತಲೆ ಹೆಚ್ಚು ವೇಗವಾಗಿ ತಿರುಗುತ್ತದೆ, ಮಿದುಳು ಹೆಚ್ಚು ಅಲುಗುತ್ತದೆ. ವಿಶ್ವ ಪ್ರಶಸ್ತಿಯ ಬೆಲ್ಟ್ ಕೊಡುವ ನಾಲ್ಕು ಪ್ರಮುಖ ಸಂಸ್ಥೆಗಳಲ್ಲಿ ಒಂದಾದ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಎರಡು ನಿಮಿಷಕ್ಕೇ ಅಂಟಿಕೊಳ್ಳಲು ಕೊಡುವ ಕಾರಣವೂ ಸುರಕ್ಷತೆಯೇ. 2023ರ ಅಕ್ಟೋಬರ್‌ನಲ್ಲಿ ಒರ್ಲಾಂಡೊದಲ್ಲಿ ಸೆರಾನೊ, ಡನಿಲಾ ರಾಮೋಸ್ ವಿರುದ್ಧ ಮೂರು ನಿಮಿಷದ 12 ಸುತ್ತು ಆಡಿ ಗೆದ್ದರು. ಉಳಿದ ಮೂರು ಸಂಸ್ಥೆಗಳು ಒಪ್ಪಿದವು, ಕೌನ್ಸಿಲ್ ಒಪ್ಪಲಿಲ್ಲ. ಸೆರಾನೊ ಅದೇ ಡಿಸೆಂಬರ್‌ನಲ್ಲಿ ಅದರ ಬೆಲ್ಟ್ ಬಿಟ್ಟುಕೊಟ್ಟರು. ಅವಧಿ ಹೆಚ್ಚಿದರೆ ತಲೆಗೆ ಬೀಳುವ ಪೆಟ್ಟೂ ಹೆಚ್ಚುತ್ತದೆ ಎಂಬುದು ನಿಜ. ಆದರೆ ಪಂದ್ಯದ 20 ನಿಮಿಷಕ್ಕಿಂತ ಎಷ್ಟೋ ಪಟ್ಟು ಪೆಟ್ಟು ಬೀಳುವುದು ಶಿಬಿರದ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಕಾದಾಟದಲ್ಲಿ. ಸರಿತೂಕದ ಹೆಂಗಸರು ಸಿಗುವುದಿಲ್ಲ ಎಂದು ಆರೇಳು ಕಿಲೋ ಹೆಚ್ಚಿರುವ ಗಂಡಸರ ಎದುರು ವಾರಕ್ಕೆ ಮೂರು ದಿನ ನಿಲ್ಲಿಸುವ ತರಬೇತುದಾರನನ್ನು ಯಾವ ನಿಯಮವೂ ತಡೆಯುತ್ತಿಲ್ಲ. ಸುರಕ್ಷತೆಯ ಚಿಂತೆ ನಿಜವಾಗಿದ್ದರೆ ಅಲ್ಲಿಂದ ಶುರುವಾಗಬೇಕು. ವೈದ್ಯಕೀಯ ಕಾರಣ ಎಂಬ ಮಾತನ್ನು ಹೆಂಗಸರು ಅನುಮಾನದಿಂದ ಕೇಳುವುದಕ್ಕೂ ಇತಿಹಾಸವಿದೆ. ಮುಟ್ಟಿನ ಕಾರಣವನ್ನೂ ಮುಂದಿಟ್ಟು ಬ್ರಿಟನ್‌ನ ಬಾಕ್ಸಿಂಗ್ ಮಂಡಳಿ ಅಲ್ಲಿನ ಬಾಕ್ಸರ್ ಜೇನ್ ಕೌಚ್‌ಗೆ ಪರವಾನಗಿ ನಿರಾಕರಿಸಿತ್ತು. 1998ರಲ್ಲಿ ಅವರು ನ್ಯಾಯಮಂಡಳಿಯಲ್ಲಿ ಗೆದ್ದು ಅದನ್ನು ಪಡೆದರು.

ಮುಟ್ಟಿನ ವಿಷಯ ನಿಜಕ್ಕೂ ಮುಖ್ಯವಾಗುವುದು ತೂಕದ ಮಾಪಕದ ಮುಂದೆ. ತೂಕ ನೋಡುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಲವರ ಮೈಯಲ್ಲಿ ನೀರು ನಿಂತು ತೂಕ ಒಂದು ಕಿಲೋ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಏರುತ್ತದೆ. ಫೆದರ್‌ವೇಟ್ ಎಂಬ ತೂಕ ವರ್ಗದ ಮಿತಿ 57.2 ಕಿಲೋ. ಅಲ್ಲಿ ಒಂದು ಕಿಲೋ ಎಂದರೆ ಪ್ರಶಸ್ತಿ ಕೈತಪ್ಪುವಷ್ಟು ದೂರ. ಕೊನೆಯ ಗಳಿಗೆಯಲ್ಲಿ ಬಿಸಿನೀರ ಸ್ನಾನ, ಬೆವರಿನ ಸೂಟು ಎಂದು ಅದನ್ನು ಹಿಂಡಿ ತೆಗೆದರೆ ಒಣಗಿದ ಮೈಯಲ್ಲೇ ರಿಂಗ್‌ಗೆ ಹೋಗಬೇಕಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗಳು ನಿಷೇಧಿತ ಪಟ್ಟಿಯಲ್ಲಿವೆ, ಅವುಗಳ ಮಾತೇ ಬೇಡ. ಕನಿಷ್ಠ ಮೂರು ತಿಂಗಳ ಮುಟ್ಟಿನ ಚಕ್ರವನ್ನು ಬೆಳಗಿನ ತೂಕದ ಜತೆ ಬರೆದಿಟ್ಟುಕೊಂಡಿದ್ದರೆ ಪಂದ್ಯದ ದಿನಾಂಕ ಎಲ್ಲಿ ಬೀಳುತ್ತದೆ ಎಂಬ ಅಂದಾಜು ಸಿಗುತ್ತದೆ. ಆ ಏರಿಕೆಯನ್ನು ಕಳೆದೇ ಗುರಿಯ ತೂಕ ಹಾಕಿಕೊಳ್ಳಬಹುದು.

ಕಠಿಣ ತರಬೇತಿಯಲ್ಲಿ ಮುಟ್ಟು ನಿಂತರೆ ಅದನ್ನು ಫಿಟ್‌ನೆಸ್‌ನ ಲಕ್ಷಣ ಎಂದು ಸಂತೋಷಪಡುವ ಜಿಮ್‌ಗಳು ಇನ್ನೂ ಇವೆ. ಗರ್ಭ ಧರಿಸಿಲ್ಲ ಎಂದು ಖಚಿತವಾದ ಮೇಲೆ, ಅದು ಬಹುಪಾಲು ಮೈಗೆ ಬೇಕಾದಷ್ಟು ಆಹಾರ ಸೇರುತ್ತಿಲ್ಲ ಎಂಬ ಕೂಗು. ಹಾಗೇ ಮುಂದುವರಿದರೆ ಮೂಳೆಯ ಸಾಂದ್ರತೆ ಇಳಿಯುತ್ತದೆ, ಕೈ–ಕಾಲಿನ ಮೂಳೆಗಳು ಸುಲಭವಾಗಿ ಬಿರುಕು ಬಿಡುತ್ತವೆ. ಮೂರು ತಿಂಗಳು ನಿಂತಿದ್ದರೆ ಶಿಬಿರಕ್ಕೆ ಮುಂಚೆ ವೈದ್ಯರ ಬಳಿ ಹೋಗಲೇಬೇಕು. ಮೈಯಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಎಂದು ತೋರಿಸುವ ರಕ್ತದ ಫೆರಿಟಿನ್ ಪರೀಕ್ಷೆಯೂ ಶಿಬಿರದ ಮೊದಲ ವಾರವೇ ಆಗಲಿ. ಕಬ್ಬಿಣದ ಸಂಗ್ರಹ ತುಂಬಲು ವಾರಗಟ್ಟಲೆ ಬೇಕು, ಪಂದ್ಯ ಹತ್ತಿರವಾದಾಗ ಗೊತ್ತಾದರೆ ಏನೂ ಮಾಡಲಾಗದು.

ಇನ್ನು ದುಡ್ಡು. 20 ನಿಮಿಷ ಆಡುವವರಿಗೆ 36 ನಿಮಿಷದ ಸಂಭಾವನೆ ಏಕೆ ಎಂಬುದು ಪಂದ್ಯ ಏರ್ಪಡಿಸುವ ಪ್ರಮೋಟರ್‌ಗಳ ಹಳೆಯ ಮಾತು. ಬಾಕ್ಸಿಂಗ್‌ನಲ್ಲಿ ಯಾರಿಗೂ ನಿಮಿಷದ ಲೆಕ್ಕದಲ್ಲಿ ಹಣ ಸಿಗುವುದಿಲ್ಲ, ಮೊದಲ ಸುತ್ತಿನಲ್ಲೇ ಗೆದ್ದವನ ಸಂಭಾವನೆ ಕಡಿತವಾಗುವುದೂ ಇಲ್ಲ. 2022ರ ಆ ರಾತ್ರಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟೇಲರ್, ಸೆರಾನೊ ಇಬ್ಬರೂ ಹತ್ತು ಲಕ್ಷ ಡಾಲರ್ ಮೀರಿ ಗಳಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಕಥೆ ಬೇರೆ. ಮ್ಯಾನೇಜರ್ ಪಾಲು ಮೂರನೇ ಒಂದು ಭಾಗದವರೆಗೂ ಹೋಗಬಹುದು, ತರಬೇತುದಾರನಿಗೆ ಸಾಮಾನ್ಯವಾಗಿ ಶೇ 10, ಪ್ರಶಸ್ತಿ ಪಂದ್ಯವಾದರೆ ಸಂಸ್ಥೆಯ ಶುಲ್ಕ ಸುಮಾರು ಶೇ 3. ಸ್ಪಾರಿಂಗ್ ಜೊತೆಗಾರರು, ಮಿದುಳಿನ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಎಚ್‌ಐವಿ–ಹೆಪಟೈಟಿಸ್ ವರದಿ, ತೆರಿಗೆ ಇವೆಲ್ಲ ಅದರ ಮೇಲೆ. ಚಿಕ್ಕ ಸಭಾಂಗಣಗಳ ಪಂದ್ಯಗಳಲ್ಲಿ ಎಷ್ಟೋ ಸಲ ಬಾಕ್ಸರ್ ತಾನೇ ಟಿಕೆಟ್ ಮಾರಿ, ಎದುರಾಳಿಯ ಸಂಭಾವನೆ, ಪ್ರಯಾಣದ ಖರ್ಚು ಎಲ್ಲವನ್ನೂ ಅದರಿಂದಲೇ ಭರಿಸಬೇಕು. ಹೆಂಗಸರ ತೂಕ ವರ್ಗಗಳಲ್ಲಿ ಸ್ಪರ್ಧಿಗಳೇ ಕಡಿಮೆ. ಎದುರಾಳಿ ಕೊನೆಯ ವಾರ ಹಿಂದೆ ಸರಿದರೆ ಬದಲಿ ಸಿಗುವುದಿಲ್ಲ, ಪಂದ್ಯ ರದ್ದಾಗುತ್ತದೆ, ಶಿಬಿರದ ಖರ್ಚು ಬಾಕ್ಸರ್ ತಲೆಯ ಮೇಲೇ ಉಳಿಯುತ್ತದೆ. ಹೆರಿಗೆಗೆ ರಜೆ ಎಂದರೆ ಸಂಬಳವೇ ಇಲ್ಲದ ರಜೆ, ಏಕೆಂದರೆ ಈ ವೃತ್ತಿಯಲ್ಲಿ ಅವಳು ಯಾರ ನೌಕರಳೂ ಅಲ್ಲ.

ಹಾಗಾಗಿ ಸಹಿ ಹಾಕುವ ಮೊದಲು ಒಪ್ಪಂದದಲ್ಲಿ ನಾಲ್ಕು ವಿಷಯ ಬರಹದಲ್ಲೇ ಇರಬೇಕು: ಸುತ್ತಿನ ಅವಧಿ ಮತ್ತು ಸಂಖ್ಯೆ, ತೂಕದ ಮಿತಿ, ತೂಕ ನೋಡುವ ದಿನ ಮತ್ತು ಗಂಟೆ, ಎದುರಾಳಿ ಬರದೆ ಪಂದ್ಯ ರದ್ದಾದರೆ ಶಿಬಿರದ ಖರ್ಚಿನಲ್ಲಿ ಎಷ್ಟು ಭಾಗ ವಾಪಸ್ ಬರುತ್ತದೆ ಎಂಬುದು. ಮೂರು ನಿಮಿಷ ಆಡುವ ಇಚ್ಛೆ ಇದ್ದರೆ ಎದುರಾಳಿಯ ಕಡೆಯವರು, ಪರವಾನಗಿ ಕೊಡುವ ಆಯೋಗ, ಬೆಲ್ಟ್ ಕೊಡುವ ಸಂಸ್ಥೆ ಎಲ್ಲರ ಒಪ್ಪಿಗೆಯೂ ಶಿಬಿರ ಶುರುವಾಗುವ ಮುಂಚೆಯೇ ಕೈಯಲ್ಲಿರಬೇಕು. ಜಿಮ್‌ನ ಗಡಿಯಾರವನ್ನು ಎಷ್ಟಕ್ಕೆ ಇಡಬೇಕು ಎಂಬುದು ಗೊತ್ತಾಗುವುದೇ ಆ ಕಾಗದ ಬಂದ ಮೇಲೆ.