ವಿದೇಶಾಂಗ ಸೇವೆಗೆ ಹೋಗಲು ಇಂಟರ್‌ನ್ಯಾಷನಲ್ ರಿಲೇಷನ್ಸ್ ಪದವಿಯೇ ಬೇಕೇ?

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಪ್ಲಸ್ ಟು ಹ್ಯುಮಾನಿಟೀಸ್ ಮುಗಿದಿದೆ. ವಿದೇಶಾಂಗ ಸೇವೆಗೆ ಸೇರುವ ಆಸೆ. ಅಂತಾರಾಷ್ಟ್ರೀಯ ಸಂಬಂಧಗಳ ವಿಷಯದಲ್ಲೇ ಪದವಿ ಮಾಡಬೇಕೇ? ಅದಕ್ಕೆ ದೆಹಲಿಗೇ ಹೋಗಬೇಕೇ? ಕನ್ನಡದಲ್ಲಿ ಓದಿದ್ದು ಅಡ್ಡಿಯಾದೀತೇ?"

ಮೊದಲನೆಯದಕ್ಕೆ ನೇರ ಉತ್ತರ: ಬೇಕಿಲ್ಲ. ಭಾರತೀಯ ವಿದೇಶಾಂಗ ಸೇವೆಗೆ ಪ್ರತ್ಯೇಕ ಪರೀಕ್ಷೆ ಇಲ್ಲ. ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ನಡೆಸುವ ನಾಗರಿಕ ಸೇವಾ ಪರೀಕ್ಷೆಯೇ ಅದರ ಬಾಗಿಲು, ಅಲ್ಲಿ ಕೇಳುವುದು ಮಾನ್ಯತೆ ಪಡೆದ ಯಾವುದಾದರೂ ಒಂದು ಪದವಿ ಮಾತ್ರ. ಬಿಎಸ್‌ಸಿ ಆದವರೂ ಎಂಜಿನಿಯರುಗಳೂ ವೈದ್ಯರೂ ಆ ಬಾಗಿಲಿನಿಂದಲೇ ಹೋಗುತ್ತಾರೆ. ಸ್ಥಾನಗಳು ಬಹಳ ಕಡಿಮೆ: 2022ರ ಪರೀಕ್ಷೆಯ ಮೂಲಕ ವಿದೇಶಾಂಗ ಸೇವೆಗೆ 38, 2023ರಲ್ಲಿ 37, 2024ರಲ್ಲಿ 55. ರ‍್ಯಾಂಕ್ ಚೆನ್ನಾಗಿರಬೇಕು, ಸೇವೆಗಳ ಆದ್ಯತೆಯಲ್ಲಿ ವಿದೇಶಾಂಗ ಸೇವೆಯನ್ನು ಮೇಲೆ ಬರೆದಿರಬೇಕು.

ಹಾಗಾಗಿ "ಡಿಪ್ಲೊಮಸಿಯಲ್ಲಿ ಬಿಎ ಮಾಡಿದರೆ ರಾಯಭಾರಿಯಾಗಬಹುದು" ಎಂಬ ಜಾಹೀರಾತು ನಂಬಿ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಡಿ. ಆ ಹಣಕ್ಕೆ ಯುಪಿಎಸ್‌ಸಿಯಲ್ಲಿ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ.

ಹಾಗಾದರೆ ಈ ವಿಷಯವನ್ನು ಓದುವುದೇಕೆ? ಅದರ ಮೇಲೆ ಪ್ರೀತಿ ಇದ್ದರೆ ಓದಬೇಕು. ಓದಿದರೆ ಪರೀಕ್ಷೆಗೂ ಉಪಯೋಗವಿದೆ. ಯುಪಿಎಸ್‌ಸಿಯ ಮುಖ್ಯ ಪರೀಕ್ಷೆಯಲ್ಲಿ (ಮೇನ್ಸ್) ಲೆಕ್ಕಕ್ಕೆ ಬರುವ ಲಿಖಿತ ಅಂಕ 1750, ಸಂದರ್ಶನದ 275 ಸೇರಿ ಒಟ್ಟು 2025. ಇದರಲ್ಲಿ ಐಚ್ಛಿಕ ವಿಷಯಕ್ಕೆ 500. ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು ಎಂಬ ಐಚ್ಛಿಕ ವಿಷಯ ತೆಗೆದುಕೊಂಡರೆ ಎರಡನೇ ಪತ್ರಿಕೆಯ ಬಹುಪಾಲು ಈ ಓದೇ. ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯಲ್ಲೂ ನೆರೆರಾಷ್ಟ್ರಗಳು, ಪ್ರಾದೇಶಿಕ ಒಕ್ಕೂಟಗಳು, ಅನಿವಾಸಿ ಭಾರತೀಯರು ಬರುತ್ತಾರೆ. ಆದರೆ ಐಚ್ಛಿಕದ ಮೊದಲ ಪತ್ರಿಕೆ ಪೂರ್ತಿ ರಾಜಕೀಯ ಸಿದ್ಧಾಂತ ಮತ್ತು ಭಾರತದ ರಾಜಕೀಯ. ಅಂತಾರಾಷ್ಟ್ರೀಯ ಸಂಬಂಧಗಳನ್ನು ಮಾತ್ರ ಓದಿದವರು ಎಡವುವುದು ಅಲ್ಲೇ.

ವಿಷಯದೊಳಗೆ ಏನಿದೆ ಎಂಬ ಬಗ್ಗೆಯೂ ಬಹಳ ತಪ್ಪು ಕಲ್ಪನೆ ಇದೆ. ಟಿವಿ ಚರ್ಚೆಯಲ್ಲಿ ಯಾರು ಯಾರಿಗೆ ಪಾಠ ಕಲಿಸಿದರು ಎಂದು ಕೇಳಿ ಬಂದವರಿಗೆ ಮೊದಲ ಸೆಮಿಸ್ಟರ್ ನಿರಾಸೆ ತರುತ್ತದೆ. ಅಲ್ಲಿರುವುದು ವಾಸ್ತವವಾದ, ಉದಾರವಾದ, ರಚನಾವಾದ ಎಂಬ ಸಿದ್ಧಾಂತಗಳು, ಅಂತಾರಾಷ್ಟ್ರೀಯ ಕಾನೂನು, ವ್ಯಾಪಾರ ಮತ್ತು ಸಾಲದ ರಾಜಕೀಯ, ಪ್ರದೇಶಾಧ್ಯಯನ, ಭಾರತದ ವಿದೇಶಾಂಗ ನೀತಿ. ಸಿದ್ಧಾಂತದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಪಾಸಾಗಬಹುದು, ಆದರೆ ವಿಷಯ ಕೈಗೆ ಹತ್ತುವುದು ಒಪ್ಪಂದಗಳ ಮೂಲಪಠ್ಯ ಓದಿದಾಗಲೇ.

ಕಾಸರಗೋಡಿನವರಿಗೆ ಹತ್ತಿರದ ಒಂದು ಉದಾಹರಣೆ ನೋಡಿ. ಶಾರ್ಜಾದಲ್ಲಿ ಕುಂಬಳೆಯ ಯುವಕನೊಬ್ಬನನ್ನು ಪೊಲೀಸರು ಬಂಧಿಸಿದರು ಎಂದುಕೊಳ್ಳೋಣ. ಮನೆಯವರು ಮೊದಲು ಹೇಳುವ ಮಾತು, "ಎಂಬೆಸಿಯವರು ಬಿಡಿಸಲಿ" ಎಂದು. ಶಾರ್ಜಾ ಬರುವುದು ದುಬೈಯಲ್ಲಿರುವ ಭಾರತದ ಕಾನ್ಸುಲೇಟಿನ ವ್ಯಾಪ್ತಿಗೆ. ಅದರ ಅಧಿಕಾರಿ ಏನು ಮಾಡಬಹುದು ಎಂಬುದನ್ನು 1963ರ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಡಂಬಡಿಕೆಯ 36ನೇ ವಿಧಿ ಹೇಳುತ್ತದೆ. ಬಂಧಿತನಿಗೆ ಅವನ ಹಕ್ಕನ್ನು ತಡಮಾಡದೆ ತಿಳಿಸಬೇಕು. ಅವನು ಬಯಸಿದರೆ ಕಾನ್ಸುಲೇಟಿಗೆ ಸುದ್ದಿ ಕೊಡಬೇಕು. ಕಾನ್ಸುಲರ್ ಅಧಿಕಾರಿ ಅವನನ್ನು ಭೇಟಿಯಾಗಬಹುದು, ಪತ್ರ ಬರೆಯಬಹುದು, ವಕೀಲರ ವ್ಯವಸ್ಥೆ ಮಾಡಬಹುದು. ಬಿಡಿಸಿಕೊಂಡು ಬರುವ ಅಧಿಕಾರ ಆ ವಿಧಿಯಲ್ಲಿ ಇಲ್ಲ. ಆತಿಥೇಯ ದೇಶದ ಕಾನೂನನ್ನು ಗೌರವಿಸಬೇಕೆಂದು 55ನೇ ವಿಧಿ ಹೇಳುತ್ತದೆ. "ಅವನು ಬಯಸಿದರೆ" ಎಂಬ ಷರತ್ತನ್ನು ಗಮನಿಸಿ. ಬಂಧಿತನೇ ಕೇಳದಿದ್ದರೆ ಕಾನ್ಸುಲೇಟಿಗೆ ಸುದ್ದಿಯೇ ಹೋಗದಿರಬಹುದು. ಗಲ್ಫಿಗೆ ಹೊರಟ ಪ್ರತಿಯೊಬ್ಬರಿಗೂ ಇದು ತಿಳಿದಿರಬೇಕು.

ಇದೇ ವಿಧಿಯ ಮೇಲೆ ಭಾರತ 2017ರಲ್ಲಿ, ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಭಾರತೀಯ ಕುಲಭೂಷಣ್ ಜಾಧವ್ ಅವರ ಪ್ರಕರಣವನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. 2019ರ ಜುಲೈ 17ರಂದು ನ್ಯಾಯಾಲಯ 15–1 ಮತಗಳಿಂದ ಪಾಕಿಸ್ತಾನ 36ನೇ ವಿಧಿಯನ್ನು ಉಲ್ಲಂಘಿಸಿದೆ ಎಂದಿತು. ಭಾರತ ಕೇಳಿದ್ದ ಬಿಡುಗಡೆಯನ್ನು ಮಾತ್ರ ಕೊಡಲಿಲ್ಲ. ಶಿಕ್ಷೆಯ ಪರಿಣಾಮಕಾರಿ ಮರುಪರಿಶೀಲನೆ ಆಗಬೇಕೆಂದಿತು. ವಿಧಿಯನ್ನು ಓದಿದವರಿಗೆ ಈ ತೀರ್ಪಿನಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಅಭ್ಯಾಸ, ಜಂಟಿ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವುದು. 2022ರ ಬಾಲಿ ಜಿ20 ಘೋಷಣೆಯಲ್ಲಿ ವಿಶ್ವಸಂಸ್ಥೆಯ ನಿರ್ಣಯದ ಉಲ್ಲೇಖದೊಂದಿಗೆ ಉಕ್ರೇನ್ ಮೇಲಿನ ರಷ್ಯಾದ ಆಕ್ರಮಣದ ಮಾತಿತ್ತು. 2023ರ ದೆಹಲಿ ಘೋಷಣೆಯ 83 ಪ್ಯಾರಾಗಳಲ್ಲಿ ಆ ಮಾತಿಲ್ಲ. ಭೂಪ್ರದೇಶ ಗಳಿಸಲು ಯಾವ ದೇಶವೂ ಬಲಪ್ರಯೋಗ ಮಾಡಬಾರದು ಎಂಬ ಸಾಮಾನ್ಯ ತತ್ತ್ವವಿದೆ. ಏನು ಬಿಟ್ಟುಹೋಯಿತು, ಅದಕ್ಕೆ ಬದಲು ಏನು ಬಂತು, ಯಾರನ್ನು ಒಪ್ಪಿಸಲು ಎಂದು ಒಂದು ಪುಟ ಬರೆದು ನೋಡಿ. ತರಗತಿಯಲ್ಲಿ ಕೇಳುವುದೂ ವೃತ್ತಿಯಲ್ಲಿ ಮಾಡುವುದೂ ಇಂಥದ್ದೇ.

ಈಗ ಕಾಲೇಜಿನ ಮಾತು. ಬಿಎ ಹಂತದಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳನ್ನೇ ಹುಡುಕುತ್ತ ಅಲೆಯುವುದು ಬೇಡ. ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ಈ ಮೂರರಲ್ಲಿ ಒಂದು ಮುಖ್ಯ ವಿಷಯವಾಗಿರಲಿ. ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಇದೆ. ಮೂರು ವರ್ಷಕ್ಕೆ ಹೊರಬಂದರೂ ಪದವಿ ಸಿಗುತ್ತದೆ, ಯುಪಿಎಸ್‌ಸಿಗೂ ಎಂಎಗೂ ಅಷ್ಟು ಸಾಕು. ಮಂಗಳೂರಿಗೆ ಹೋಗುವವರಿಗೆ, ಕರ್ನಾಟಕ 2024–25ರಿಂದ ಮೂರು ವರ್ಷದ ಪದವಿಗೇ ಮರಳಿದೆ. ಮೈನರ್ ವಿಷಯವಾಗಿ ಅರಬಿ ಸಿಕ್ಕರೆ ಬಿಡಬೇಡಿ. ಮದ್ರಸದಲ್ಲಿ ಲಿಪಿ ಕಲಿತವರಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಪಶ್ಚಿಮ ಏಷ್ಯಾ ಅಧ್ಯಯನಕ್ಕೆ ಅದು ದೊಡ್ಡ ಬಂಡವಾಳ.

ಎಂಎಗೆ ದೆಹಲಿಯೇ ಆಗಬೇಕೆಂದಿಲ್ಲ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂಟರ್‌ನ್ಯಾಷನಲ್ ರಿಲೇಷನ್ಸ್ ಆಂಡ್ ಪೊಲಿಟಿಕಲ್ ಸೈನ್ಸ್ ಎಂಎ ಇದೆ. ರಾಜ್ಯಶಾಸ್ತ್ರವೂ ಜೊತೆಗಿರುವುದರಿಂದ ಮೇಲೆ ಹೇಳಿದ ಮೊದಲ ಪತ್ರಿಕೆಯ ಕೊರತೆ ಇಲ್ಲಿ ಕಡಿಮೆ. ನಮ್ಮ ಜಿಲ್ಲೆಯೊಳಗೇ ಇರುವ ಈ ವಿಭಾಗವನ್ನು ಉತ್ತರದ ತಾಲೂಕುಗಳ ಕನ್ನಡ ವಿದ್ಯಾರ್ಥಿಗಳು ಇನ್ನೂ ಸಾಕಷ್ಟು ಗಮನಿಸಿಲ್ಲ ಎಂಬುದು ನಮ್ಮ ಅನಿಸಿಕೆ. ದೆಹಲಿಯ ಜೆಎನ್‌ಯು, ಪಾಂಡಿಚೇರಿ ವಿಶ್ವವಿದ್ಯಾಲಯ, ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ, ದೆಹಲಿಯ ಸೌತ್ ಏಷ್ಯನ್ ಯೂನಿವರ್ಸಿಟಿಗಳಲ್ಲೂ ಈ ವಿಷಯವಿದೆ. ಮಣಿಪಾಲದಲ್ಲೂ ಇದೆ, ಆದರೆ ಅದು ಖಾಸಗಿ. ಮೊದಲು ಶುಲ್ಕ ವಿಚಾರಿಸಿ.

ಪೆರಿಯ, ಜೆಎನ್‌ಯು, ಪಾಂಡಿಚೇರಿಗಳಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 75 ಬಹು ಆಯ್ಕೆ ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಓದು ಸಾಲದೆ ಸೀಟು ತಪ್ಪಿದರೆ ಅದು ಬೇರೆ. ಕಾಗದಪತ್ರದ ಕಾರಣಕ್ಕೆ ತಪ್ಪುವುದು ಹೊಟ್ಟೆ ಉರಿಸುತ್ತದೆ. ಮೂರು ಕಡೆ ಜಾಗ್ರತೆ ಬೇಕು. ಅರ್ಜಿಯಲ್ಲಿ ಯಾವ ಪತ್ರಿಕೆಯ ಕೋಡ್ ಆರಿಸಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಯೇ ತುಂಬಬೇಕು. ಫಲಿತಾಂಶ ಬಂದ ಮೇಲೆ ಪ್ರತಿ ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ಬೇರೆಯಾಗಿ ನೋಂದಾಯಿಸಬೇಕು; ಪರೀಕ್ಷೆ ಬರೆದ ಮಾತ್ರಕ್ಕೆ ಸೀಟು ತಾನಾಗಿ ಬರುವುದಿಲ್ಲ. ಇನ್ನು ಹಿಂದುಳಿದ ವರ್ಗದ ಮೀಸಲಾತಿಗೆ ಬೇಕಾದ ಒಬಿಸಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ. ಅದು ಕೇಂದ್ರದ ನಮೂನೆಯಲ್ಲಿ, ಆಯಾ ಆರ್ಥಿಕ ವರ್ಷದ್ದೇ ಆಗಿರಬೇಕು. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇರುವುದರಿಂದ, ಮಂಗಳೂರಿನಲ್ಲಿ ಓದುತ್ತಿದ್ದರೂ ಕಾಸರಗೋಡಿನ ನಿವಾಸಿ ನೋಡಬೇಕಾದದ್ದು ಕೇರಳದ ಪಟ್ಟಿಯನ್ನು. ಗಡಿಯ ಆಚೆ ಈಚೆ ಒಂದೇ ಸಮುದಾಯ ಬೇರೆ ಹೆಸರಲ್ಲೋ ಬೇರೆ ವರ್ಗದಲ್ಲೋ ಇರಬಹುದು. ವಿಲೇಜ್ ಆಫೀಸಿಗೆ ಹೋಗುವ ಮುನ್ನ ಶಾಲಾ ದಾಖಲೆಯಲ್ಲಿರುವ ಹೆಸರು ಆ ಪಟ್ಟಿಯ ಹೆಸರಿಗೆ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ.

ಕನ್ನಡದ ಪ್ರಶ್ನೆಗೆ ಬರೋಣ. ಯುಪಿಎಸ್‌ಸಿ ಮೇನ್ಸ್ ಅನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. 300 ಅಂಕಗಳ ಅರ್ಹತಾ ಭಾಷಾ ಪತ್ರಿಕೆಗೆ ಕೇರಳದವರು ಮಲಯಾಳವನ್ನೇ ಆರಿಸಬೇಕೆಂಬ ನಿಯಮವಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯೂ ಆದೀತು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅನುಕೂಲವಿದೆ. ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನವನ್ನು ಕನ್ನಡದಲ್ಲಿ ಬರೆದು ಐಚ್ಛಿಕ ಪತ್ರಿಕೆಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಲು ಅವಕಾಶವಿದೆ. ಅರ್ಜಿಯಲ್ಲೇ ಅದನ್ನು ಸೂಚಿಸಬೇಕು. ಕನ್ನಡದಲ್ಲಿ ಬರೆಯುವಾಗ ತಾಂತ್ರಿಕ ಪದಕ್ಕೆ ಇಂಗ್ಲಿಷ್ ರೂಪವನ್ನೂ ಆವರಣದಲ್ಲಿ ಕೊಡಬಹುದು.

ಆದರೆ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅರ್ಹತೆಗೆ ಒಂದು ಇಂಗ್ಲಿಷ್ ಪತ್ರಿಕೆಯೂ ಇದೆ, 25 ಶೇಕಡಾ ಬೇಕು. ಎಂಎ ಪಾಠ, ಓದು, ಪ್ರಬಂಧ ಎಲ್ಲವೂ ಇಂಗ್ಲಿಷ್. ಈ ಗೋಡೆಯನ್ನು ಬಿಎ ಮೊದಲ ವರ್ಷದಿಂದಲೇ ಒಡೆಯಬೇಕು. ವೃತ್ತಪತ್ರಿಕೆಯ ಇಂಗ್ಲಿಷಿಗಿಂತ ಒಡಂಬಡಿಕೆಗಳ ಇಂಗ್ಲಿಷಿನಿಂದ ಶುರುಮಾಡುವುದು ಒಳ್ಳೆಯದು: ವಾಕ್ಯಗಳು ಉದ್ದವಾದರೂ ಒಂದೇ ಪದ ಒಂದೇ ಅರ್ಥದಲ್ಲಿ ಮತ್ತೆ ಮತ್ತೆ ಬರುತ್ತದೆ. 1961ರ ರಾಜತಾಂತ್ರಿಕ ಸಂಬಂಧಗಳ ವಿಯೆನ್ನಾ ಒಡಂಬಡಿಕೆಯಲ್ಲಿ 53 ವಿಧಿಗಳಿವೆ. ದಿನಕ್ಕೆ ನಾಲ್ಕರಂತೆ ಓದಿ, ಪ್ರತಿಯೊಂದರ ಸಾರವನ್ನು ಕನ್ನಡದಲ್ಲಿ ಎರಡು ಸಾಲು ಬರೆದರೆ ಎರಡು ವಾರದಲ್ಲಿ ಮುಗಿಯುತ್ತದೆ. ನಂತರ 111 ವಿಧಿಗಳ ವಿಶ್ವಸಂಸ್ಥೆಯ ಸನ್ನದು. ಅದರಲ್ಲಿ 2, 27, 51ನೇ ವಿಧಿಗಳ ಮೇಲೆ ಹೆಚ್ಚು ಹೊತ್ತು ನಿಲ್ಲಿ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಎಂಎ ರಾಜ್ಯಶಾಸ್ತ್ರದ ಪಾಠಗಳು ಅದರ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿವೆ. ಎಂಪಿಎಸ್-002 ಎಂಬ ಪತ್ರಿಕೆ ಪೂರ್ತಿ ಅಂತಾರಾಷ್ಟ್ರೀಯ ಸಂಬಂಧಗಳದ್ದೇ.

ಊರು ಚಿಕ್ಕದೆಂದು ಹಿಂಜರಿಯುವವರಿಗೆ ಒಂದು ಮಾತು. ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ, ಅದೇ ಜಿಲ್ಲೆಯ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1950ರ ಜೂನ್‌ನಲ್ಲಿ ಭಾರತದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಕೊರಿಯಾ ಯುದ್ಧ ಶುರುವಾದದ್ದು ಆಗಲೇ. ಜೂನ್ 25ರ ನಿರ್ಣಯಕ್ಕೆ ಭಾರತ ಮತ ಹಾಕಿತು. 27ರ ನಿರ್ಣಯಕ್ಕೆ ದೆಹಲಿಯ ಸೂಚನೆ ಕೈಸೇರದ ಕಾರಣ ಅಧ್ಯಕ್ಷಪೀಠದಲ್ಲಿದ್ದ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ರಾಜತಾಂತ್ರಿಕನ ಬಾಯಲ್ಲಿ ಬರಬೇಕಾದದ್ದು ಸರ್ಕಾರದ ಮಾತು. ಸ್ವಂತ ಅಭಿಪ್ರಾಯ ಹೇಳಲೇಬೇಕೆನ್ನುವವರಿಗೆ ಸಂಶೋಧನೆ ಅಥವಾ ಪತ್ರಿಕೋದ್ಯಮ ಹೆಚ್ಚು ಒಗ್ಗುತ್ತದೆ. ಕಾಲೇಜು ಅಧ್ಯಾಪನ, ಸಂಶೋಧನೆಗಳ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳನ್ನು ಒಳಗೊಂಡ ಪ್ರತ್ಯೇಕ ವಿಷಯವೇ ಇದೆ.

ವಿದೇಶಾಂಗ ಸಚಿವಾಲಯದೊಳಗೆ ಹೋಗಲು ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ನಮ್ಮ ಕಡೆ ಮಾತೇ ಕಡಿಮೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ವಿದೇಶಾಂಗ ಸಚಿವಾಲಯದ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಹುದ್ದೆ ಬರುತ್ತದೆ. ಯಾವುದೇ ಪದವಿ ಸಾಕು, ಏಳನೇ ವೇತನ ಶ್ರೇಣಿ, ಮೂಲವೇತನ 44,900 ರೂಪಾಯಿಯಿಂದ. ಕೆಲವು ವರ್ಷ ದೆಹಲಿಯ ಕೇಂದ್ರ ಕಚೇರಿಯಲ್ಲಿ, ಕೆಲವು ವರ್ಷ ವಿದೇಶದ ರಾಯಭಾರ ಕಚೇರಿಗಳಲ್ಲಿ ಕೆಲಸ. ಹುದ್ದೆಗಳ ಆದ್ಯತೆ ತುಂಬುವಾಗ ಬೇರೆ ಸಚಿವಾಲಯಗಳ ಇದೇ ಹೆಸರಿನ ಹುದ್ದೆಗಳೂ ಪಟ್ಟಿಯಲ್ಲಿರುತ್ತವೆ. ಗಡಿಬಿಡಿಯಲ್ಲಿ ಅವುಗಳ ಪೈಕಿ ಬೇರೊಂದನ್ನು ಮೇಲೆ ಹಾಕಿಬಿಟ್ಟರೆ ವಿದೇಶಾಂಗ ಸಚಿವಾಲಯದ ಅವಕಾಶ ಕೈತಪ್ಪಬಹುದು. ಆದ್ದರಿಂದ ಸಚಿವಾಲಯದ ಹೆಸರು ಓದಿಯೇ ಕ್ರಮಸಂಖ್ಯೆ ಹಾಕಿ.